ಮದನಿಕೆಯ ಮುಂದೆ ನಿಂತ ಮೇಲೆ ಏನು ಮಾಡಿದಿರಿ?

ಮೂಡಿಗೆರೆಯ ಗೆಳೆಯರಿಗೆ,

ನಮಸ್ಕಾರ. ಇಸ್ಪೀಟೆಲೆಯ ಜಾದೂ ಆಟಗಳನ್ನು ಸ್ವಂತವಾಗಿ ಕಟ್ಟಲು ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂಬ ನಿಮ್ಮ ಲೇಖನ ತಲುಪಿದೆ. ಭಾಷೆ ಸರಾಗವಾಗಿದೆ, ಕಾಗುಣಿತ ಚೊಕ್ಕವಾಗಿದೆ. ಈ ವಿಷಯವನ್ನು ಕನ್ನಡದಲ್ಲಿ ಬರೆಯಲು ಹೊರಟಿದ್ದೀರಲ್ಲ, ಅದು ಸಂತೋಷ. ಆದರೆ ಈಗಿರುವ ಹಾಗೆ ಅಚ್ಚು ಹಾಕಲಾರೆ. ಎರಡು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು. ಉಳಿದದ್ದನ್ನು ಬಿಟ್ಟು ಆ ಎರಡನ್ನೇ ಹೇಳುತ್ತೇನೆ.

ಮೊದಲನೆಯದು ಎರಡನೇ ಪುಟದ ಈ ಸಾಲು: “ಬೇಲೂರಿನ ದರ್ಪಣ ಸುಂದರಿಯ ಮುಂದೆ ಮೈಮರೆತು ನಿಂತಿದ್ದಾಗ ಆಟೀನ್ ರಾಣಿಯ ಹೊಸ ಜಾದೂ ತಟ್ಟನೆ ಹೊಳೆಯಿತು.” ಅದರ ಮುಂದಿನ ಸಾಲಿಗೆ ನೀವು ಮುಳ್ಳಯ್ಯನಗಿರಿಯ ಮಂಜಿಗೆ ಹೋಗಿಬಿಟ್ಟಿದ್ದೀರಿ. ಏನು ಹೊಳೆಯಿತು? ಕೈಯಲ್ಲಿ ಎಷ್ಟು ಎಲೆ ಇದ್ದವು? ಆ ಶಿಲ್ಪದ ಯಾವ ಅಂಶ ಎಲೆಗಳ ಯಾವ ಕ್ರಮವನ್ನು ನೆನಪಿಸಿತು? ನಿಮ್ಮ ಲೇಖನ ಓದುವ ಹುಡುಗ ಆ ಸಾಲು ಮುಗಿಸಿ ಇಸ್ಪೀಟು ಕಟ್ಟು ಕೈಗೆತ್ತಿಕೊಂಡರೆ ಮಾಡುವುದಕ್ಕೆ ಏನೂ ಇಲ್ಲ. 1117ರಲ್ಲಿ ಪ್ರತಿಷ್ಠೆಯಾದ ಗುಡಿಯ ಅಷ್ಟು ಒಳ್ಳೆಯ ಮದನಿಕೆಯನ್ನು ಕರೆತಂದು, ಕೆಲಸ ಕೊಡದೆ ನಿಲ್ಲಿಸಿದ್ದೀರಿ.

ಅಲ್ಲಿಂದ ಮುಂದಕ್ಕೆ ಹೇಗೆ ಹೋಗಬಹುದಿತ್ತು ನೋಡಿ. ಅವಳ ಕೈಯಲ್ಲಿರುವುದು ಕನ್ನಡಿ. ಕನ್ನಡಿ ಎಡವನ್ನು ಬಲ ಮಾಡುತ್ತದೆ, ಅಂದರೆ ಸಾಲನ್ನು ತಿರುವುತ್ತದೆ. ಎಲೆಗಳ ಸಾಲನ್ನು ತಿರುವುವ, ಯಾರಿಗೂ ಅನುಮಾನ ಬಾರದ ಕೆಲಸ ಯಾವುದು? ಒಂದೊಂದೇ ಎಲೆಯನ್ನು ಮೇಜಿನ ಮೇಲೆ ಒಂದರ ಮೇಲೊಂದು ಹಾಕುವುದು. ಮೇಲಿದ್ದದ್ದು ತಳಕ್ಕೆ ಹೋಗುತ್ತದೆ. ಇದನ್ನೇ ಬಳಸುವ ಆಟ ಮೊದಲೇ ಇದೆಯೇ? ಇದೆ. ಅಮೆರಿಕದ ಹೊವರ್ಡ್ ಆಡಮ್ಸ್ ಅವರ ಜೋಡಿ ಹೊಂದಿಸುವ ಆಟ. ಅದನ್ನು ನಮ್ಮ ಮದನಿಕೆಗೆ ಹೀಗೆ ಒಪ್ಪಿಸಬಹುದು.

ಇಸ್ಪೀಟ್ (ಸ್ಪೇಡ್) ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು. ಅದರ ಕೆಳಗೆ ಆಟೀನಿನ ಅವೇ ಐದು, ಅದೇ ಕ್ರಮದಲ್ಲಿ. ಒಟ್ಟು 10 ಎಲೆ, ಬೆನ್ನು ಮೇಲೆ. ನೋಡುಗರು ಎಷ್ಟು ಸಲ ಬೇಕಾದರೂ ಕಟ್ ಮಾಡಲಿ. ಮೇಲಿನ ಭಾಗ ಕೆಳಗೆ ಹೋದರೂ ಐದೈದು ಎಲೆಗೆ ಅದೇ ಹೆಸರು ಮರಳಿ ಬರುವ ಸುತ್ತು ಕೆಡುವುದಿಲ್ಲ. ಕಲಸಲು ಮಾತ್ರ ಬಿಡಬೇಡಿ. ಆಮೇಲೆ ಐದು ಎಲೆಗಳನ್ನು ಒಂದೊಂದಾಗಿ ಮೇಜಿಗೆ ಹಾಕಿ. ಉಳಿದ ಐದನ್ನು ಪಕ್ಕದಲ್ಲಿಡಿ. ಈಗ ಒಂದು ಗುಡ್ಡೆ ಇನ್ನೊಂದರ ಕನ್ನಡಿ ಬಿಂಬ.

ಇನ್ನು ಈ ಮಾತು ಹೇಳಿಸಿ: “ಮದನಿಕೆ, ದರ್ಪಣ ನೋಡು ಬಾ.” ಮೊದಲ ಪದಕ್ಕೆ ನಾಲ್ಕಕ್ಷರ, ಮುಂದಿನವಕ್ಕೆ ಮೂರು, ಎರಡು, ಒಂದು. ನೋಡುಗರು ಒಂದೊಂದು ಅಕ್ಷರಕ್ಕೂ ತಮಗೆ ಬೇಕಾದ ಗುಡ್ಡೆಯ ಮೇಲಿನ ಎಲೆಯನ್ನು ಅದೇ ಗುಡ್ಡೆಯ ತಳಕ್ಕೆ ಸರಿಸಬೇಕು. ‘ಮದನಿಕೆ’ ಮುಗಿದಾಗ ಎರಡೂ ಗುಡ್ಡೆಯ ಮೇಲಿನ ಎಲೆಗಳನ್ನು ಮಗುಚಿದಂತೆಯೇ ಜೋಡಿಯಾಗಿ ಪಕ್ಕಕ್ಕಿಡಿ. ‘ದರ್ಪಣ’, ಮತ್ತೊಂದು ಜೋಡಿ. ‘ನೋಡು’, ‘ಬಾ’. ಕೊನೆಗೆ ಉಳಿದ ಎರಡು ಐದನೇ ಜೋಡಿ. ತೆರೆದರೆ ಎಕ್ಕಕ್ಕೆ ಎಕ್ಕ, ರಾಣಿಗೆ ರಾಣಿ. ಕಾರಣ ಸರಳ: ತಿರುವಿದ ಗುಡ್ಡೆಯ ಮೇಲಿನ ಎಲೆ ಇನ್ನೊಂದು ಗುಡ್ಡೆಯಲ್ಲಿ ಐದನೆಯದು. ಎರಡನ್ನೂ ಮುಖಾಮುಖಿ ಮಾಡಲು ಬೇಕಾದದ್ದು ಒಟ್ಟು ನಾಲ್ಕು ಸರಿಸುವಿಕೆ. ಯಾವ ಗುಡ್ಡೆಗೆ ಎಷ್ಟು ಎಂಬುದು ಮುಖ್ಯವಲ್ಲ. ಜೋಡಿ ತೆಗೆದಾಗ ಗುಡ್ಡೆಗಳು ನಾಲ್ಕಾಗುತ್ತವೆ, ಬೇಕಾದದ್ದು ಮೂರು. ಹೀಗೆ ಇಳಿಯುತ್ತದೆ. ಮೊದಲ ಸುತ್ತಿಗೆ ನಾಲ್ಕರ ಬದಲು ಒಂಬತ್ತು ಅಕ್ಷರವೂ ಆದೀತು: “ಬೇಲೂರ ಗುಡಿ ಮದನಿಕೆ.” ಆರು ಜೋಡಿ ಬೇಕೆಂದರೆ ಐದಕ್ಷರದ ‘ಶಿಲಾಬಾಲಿಕೆ’ಯನ್ನು ಮುಂದಿಡಿ.

ಕೆಡುವುದು ಎಲ್ಲಿ ಎಂಬುದನ್ನೂ ಬರೆಯಬೇಕು. ಐದನ್ನು ಒಂದೊಂದಾಗಿ ಹಾಕದೆ ಒಟ್ಟಿಗೆ ಎತ್ತಿಟ್ಟರೆ ಸಾಲು ತಿರುಗುವುದಿಲ್ಲ. ಆಗ ಎರಡೂ ಗುಡ್ಡೆಯಿಂದ ಸರಿಯಾಗಿ ಎರಡೆರಡು ಸರಿಸಿದರೆ ಮಾತ್ರ ಮೊದಲ ಜೋಡಿ ಕೂಡುತ್ತದೆ. ‘ದರ್ಪಣ’ದ ಅರ್ಕಾವತ್ತನ್ನು ಬೇರೆ ಅಕ್ಷರವೆಂದು ಎಣಿಸುವವರು ಇರುತ್ತಾರೆ, ಅಲ್ಲಿ ಒಂದು ಎಲೆ ಹೆಚ್ಚು ಸರಿದು ಮುಂದಿನದೆಲ್ಲ ತಪ್ಪುತ್ತದೆ. ಚೀಟಿಯಲ್ಲಿ ದ, ರ್ಪ, ಣ ಎಂದು ಬಿಡಿಸಿ ಬರೆದು ಮುಂದಿಡಿ, ಇಲ್ಲವೇ ‘ಮೊಗವ ನೋಡು ಬಾ’ ಎಂದು ಬದಲಿಸಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಕಾಗದದ ಎಲೆ ಥಂಡಿ ಹೀರಿ ಅಂಟಿಕೊಳ್ಳುತ್ತದೆ. ಎರಡು ಎಲೆ ಒಂದಾಗಿ ಸರಿದರೆ ಹತ್ತೆಲೆಯ ಆಟದಲ್ಲಿ ಉಳಿಗಾಲವಿಲ್ಲ. ಪ್ಲಾಸ್ಟಿಕ್ ಎಲೆ ಬಳಸಿ, ಅಥವಾ ಕಟ್ಟನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಆಟಕ್ಕೆ ಮುಂಚೆ ಒಂದೊಂದೇ ಎಲೆ ಬಿಡಿಸಿ ನೋಡಿ.

ನಾನು ಹಾಸನದಲ್ಲಿ ಕಲಿಯುತ್ತಿದ್ದಾಗ ನನ್ನ ಗುರುಗಳು ಹೊಸ ಆಟ ಕಟ್ಟಿದೆ ಎಂದವರಿಗೆ ಎರಡೇ ಪ್ರಶ್ನೆ ಹಾಕುತ್ತಿದ್ದರು: ಹಳೆಯದರಲ್ಲಿ ಯಾವ ಒಂದು ಹೆಜ್ಜೆ ಬದಲಿಸಿದೆ, ಬದಲಿಸಿದ ಮೇಲೆ ಏನು ಕೆಟ್ಟಿತು? ಉತ್ತರವನ್ನು ನೋಟ್‌ಬುಕ್ಕಿನ ಎಡ ಪುಟದಲ್ಲಿ ಬರೆದು ತೋರಿಸಬೇಕಿತ್ತು. ಬಲ ಪುಟ ಖಾಲಿ, ಅವರ ತಿದ್ದುಪಡಿಗೆ. ಒಂದೇ ಸಲಕ್ಕೆ ಎರಡು ಹೆಜ್ಜೆ ಬದಲಿಸಿದರೆ ಯಾವುದರಿಂದ ಕೆಟ್ಟಿತೆಂದು ತಿಳಿಯುವುದಿಲ್ಲವೆಂದು ಪುಟವನ್ನೇ ಹಿಂದಿರುಗಿಸುತ್ತಿದ್ದರು. ಸ್ಫೂರ್ತಿ ಎಂಬ ಮಾತು ಅವರ ಬಾಯಲ್ಲಿ ಬಂದದ್ದಿಲ್ಲ. ಆದರೂ ಅವರ ಶಿಷ್ಯರಲ್ಲಿ ಹೊಸ ಆಟಗಳಿಗೆ ಬರವಿರಲಿಲ್ಲ. ನಿಮ್ಮ ಲೇಖನದಲ್ಲಿ ನಾನು ಹುಡುಕಿದ್ದು ಆ ಎಡ ಪುಟವನ್ನು.

ಎರಡನೇ ಸಿಟ್ಟು ಮೂರನೇ ಪುಟದ “ನನ್ನ ಸ್ವಂತ ಸೃಷ್ಟಿ”ಯ ಮೇಲೆ. ನೀವು ಬರೆದದ್ದು: “21 ಎಲೆಗಳನ್ನು ಏಳೇಳರ ಮೂರು ಸಾಲಾಗಿ ಹಾಕಿ. ಸಾಲುಗಳಿಗೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಎಂದು ಹೆಸರಿಡಿ. ಎಲೆ ಯಾವ ಊರಲ್ಲಿದೆ ಎಂದು ಕೇಳಿ ಒಟ್ಟುಗೂಡಿಸಿ. ಮೂರು ಸಲ ಹೀಗೆ ಮಾಡಿದರೆ 11ನೆಯದೇ ಅವರ ಎಲೆ.” ಇದು ನಿಮ್ಮದಲ್ಲ. ಶಾಲೆಯ ಮಕ್ಕಳಿಗೂ ಗೊತ್ತಿರುವ 21 ಎಲೆಯ ಆಟ. ಸಾಲಿಗೆ ಊರಿನ ಹೆಸರಿಟ್ಟ ಮಾತ್ರಕ್ಕೆ ಸೃಷ್ಟಿಯಾಗುವುದಿಲ್ಲ. ಹಳೆಯದನ್ನು ಬಳಸಿದ್ದಕ್ಕೆ ನನ್ನ ತಕರಾರಿಲ್ಲ, ಹಳೆಯದೆಂದು ಹೇಳದಿದ್ದಕ್ಕೆ ಇದೆ.

ವಿವರಣೆಯೂ ಸರಿಯಿಲ್ಲ. “ಮೂರು ಸಾಲಾಗಿ ಹಾಕಿ” ಎಂದರೆ ಓದುವವರು ಮೊದಲ ಸಾಲಿಗೆ ಏಳು, ಆಮೇಲೆ ಎರಡನೆಯದಕ್ಕೆ ಏಳು ಹಾಕಿಯಾರು. ಹಾಗೆ ಮಾಡಿದರೆ ಅದೇ ಏಳು ಎಲೆ ಪ್ರತಿ ಸಲವೂ ನಡುಸಾಲಿಗೆ ಒಟ್ಟಾಗಿ ಬಂದು ಕೂರುತ್ತವೆ, ಎಲೆ ಎಂದೂ ಸಿಗುವುದಿಲ್ಲ. ಎಡಕ್ಕೊಂದು, ನಡುವಿಗೊಂದು, ಬಲಕ್ಕೊಂದು ಎಂದು ಏಳು ಸುತ್ತು ಹಂಚಬೇಕು. “ಒಟ್ಟುಗೂಡಿಸಿ” ಎಂದಲ್ಲಿ ತೋರಿಸಿದ ಸಾಲು ಉಳಿದೆರಡರ ನಡುವೆ ಹೋಗಬೇಕೆಂಬ ಮಾತೇ ಇಲ್ಲ. ಆಟವೆಲ್ಲ ನಿಂತಿರುವುದು ಅದರ ಮೇಲೆ.

ಅದು ನಡೆಯುವ ಬಗೆಯನ್ನು ನೀವು ಬಿಡಿಸಿ ನೋಡಿದ್ದರೆ ಸ್ವಂತ ಆಟಕ್ಕೆ ದಾರಿ ಅಲ್ಲೇ ಸಿಗುತ್ತಿತ್ತು. ಮೊದಲ ಸಲ ಕೂಡಿಸಿದಾಗ ಎಲೆ 8ರಿಂದ 14ರೊಳಗೆ ಇರುತ್ತದೆ. ಎರಡನೇ ಹಂಚಿಕೆಯಲ್ಲಿ ಅವು ಸಾಲುಗಳ 3, 4, 5ನೇ ಜಾಗಕ್ಕೆ ಬೀಳುತ್ತವೆ. ಕೂಡಿಸಿದರೆ ಎಲೆ 10, 11, 12ರಲ್ಲೊಂದು. ಮೂರನೇ ಹಂಚಿಕೆಯಲ್ಲಿ ಈ ಮೂರೂ ಒಂದೊಂದು ಸಾಲಿನ ನಾಲ್ಕನೇ ಎಲೆ. ಎಂದರೆ ಅವರು ಮೂರನೇ ಸಲ ಊರಿನ ಹೆಸರು ಹೇಳಿದ ಕ್ಷಣವೇ ಎಲೆ ನಿಮಗೆ ಗೊತ್ತಾಯಿತು. ಹನ್ನೊಂದರವರೆಗೆ ಎಣಿಸುವ ಆ ಬೇಸರದ ಕೊನೆ ಬೇಕಾಗಿಯೇ ಇಲ್ಲ. ನೀವು ಇನ್ನೂ ಹುಡುಕುತ್ತಿದ್ದೀರೆಂದು ಅವರು ನಂಬಿರುವ ಆ ಹೊತ್ತಿನಲ್ಲಿ ಎಲೆಯನ್ನು ಏನು ಮಾಡುತ್ತೀರಿ? ಅದನ್ನು ನೀವು ಯೋಚಿಸಿದರೆ, ಅಷ್ಟು ಭಾಗ ನಿಮ್ಮದು.

ಇನ್ನೊಂದು ದಾರಿ, 21ರ ಬದಲು 27. ಒಂಬತ್ತೊಂಬತ್ತರ ಮೂರು ಸಾಲು. ಫ್ರಾನ್ಸಿನ ಗಣಿತಜ್ಞ ಜೆರ್ಗೊನ್ 19ನೇ ಶತಮಾನದ ಆರಂಭದಲ್ಲೇ ಇದನ್ನು ಬಿಡಿಸಿಟ್ಟಿದ್ದಾರೆ. ಇಲ್ಲಿ ನೋಡುಗರು ಹೇಳಿದ ಸಂಖ್ಯೆಗೇ ಎಲೆಯನ್ನು ತರಬಹುದು. ಅವರು 15 ಎಂದರೆ ಮೇಲೆ 14 ಎಲೆ ಇರಬೇಕು. 14 ಅಂದರೆ ಒಂದರವು ಎರಡು, ಮೂರರದು ಒಂದು, ಒಂಬತ್ತರದು ಒಂದು (2 + 3 + 9). ಹಾಗಾಗಿ ಬೆನ್ನು ಮೇಲೆ ಮಾಡಿ ಕೂಡಿಸುವಾಗ ತೋರಿಸಿದ ಸಾಲಿನ ಮೇಲೆ ಮೊದಲ ಸಲ ಎರಡು ಸಾಲು, ಎರಡನೇ ಸಲ ಒಂದು, ಮೂರನೇ ಸಲ ಒಂದು ಬರಲಿ. ಅವರ ಹುಟ್ಟಿದ ತಾರೀಖು 27ರ ಒಳಗಿದ್ದರೆ ಅದನ್ನೇ ಕೇಳಬಹುದು. 28 ಎಂದವರಿಗೆ ಏನು ಮಾಡುವುದೆಂದು ಮೊದಲೇ ಯೋಚಿಸಿಡಿ.

ಒಂದು ಉದಾಹರಣೆಯನ್ನು ನಿಮ್ಮ ಲೇಖನಕ್ಕೆ ಸೇರಿಸಲು ಒತ್ತಾಯಿಸುತ್ತೇನೆ. ಕೆಂಪು ಕಪ್ಪು ಎಲೆಗಳನ್ನು ನೋಡದೆಯೇ ಬೇರ್ಪಡಿಸುವ ಕೆಲಸವನ್ನು ಅಮೆರಿಕದ ಹವ್ಯಾಸಿ ಜಾದೂಗಾರ ಪಾಲ್ ಕರ್ರಿ 1942ರಲ್ಲಿ ನೋಡುಗರ ಕೈಗೇ ಕೊಟ್ಟರು. ಜಾದೂಗಾರ ಎಲೆ ಮುಟ್ಟುವುದೇ ಅಪರೂಪ. ಇದು ಯಾರು ಕೆಲಸ ಮಾಡಬೇಕು ಎಂಬ ಒಂದು ಹೆಜ್ಜೆಯ ಬದಲಾವಣೆ. ಕರ್ರಿಯವರ ಕಸುಬು ಜಾದೂ ಆಗಿರಲಿಲ್ಲ. ಅವರು ವಿಮಾ ಕಂಪನಿಯ ನೌಕರರು.

ತಿದ್ದಿ ಕಳುಹಿಸಿ. ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ, 600 ಪದ ಸಾಕು. ನಾನು ಮೇಲೆ ಕೊಟ್ಟ ಹತ್ತೆಲೆಯ ಆಟವನ್ನು ಹಾಗೆಯೇ ಇಳಿಸಬೇಡಿ. ಗಿಳಿಯ ಜೊತೆ ಮಾತಾಡುವ ಶುಕಭಾಷಿಣಿಯನ್ನು ತೆಗೆದುಕೊಳ್ಳಿ. ಗಿಳಿ ಹೇಳಿದ್ದನ್ನೇ ಹೇಳುತ್ತದೆ. ‘ನಾನು ಮಾಡಿದ ಹಾಗೆ ಮಾಡಿ’ ಎಂಬ ಎರಡು ಕಟ್ಟಿನ ಹಳೆಯ ಆಟ ನಿಮಗೆ ಗೊತ್ತಿರಬೇಕು: ಇಬ್ಬರೂ ಕಲಸುತ್ತಾರೆ, ನೀವು ನಿಮ್ಮ ಕಟ್ಟಿನ ತಳದ ಎಲೆ ನೋಡಿಕೊಂಡು ಅದಲು ಬದಲು ಮಾಡುತ್ತೀರಿ, ಒಂದೊಂದು ಎಲೆ ಆರಿಸಿ ಮೇಲಿಟ್ಟು ಕಟ್ ಮಾಡುತ್ತೀರಿ, ಮತ್ತೆ ಅದಲು ಬದಲು. ಆಗ ನೀವು ನೋಡಿಟ್ಟ ಎಲೆಯ ಕೆಳಗೆ ಒತ್ತಿಕೊಂಡಿರುವುದೇ ಅವರದು. ಎಲೆ ಮೇಲಿಟ್ಟ ನಂತರ ಅವರು ಕಟ್ ಮಾಡದೆ ಕಲಸಿಬಿಟ್ಟರೆ ಆಟ ಮುಗಿಯಿತು. ಅದಕ್ಕೇನು ಮಾಡುತ್ತೀರೆಂದು ಲೇಖನದ ಮೊದಲ ವಾಕ್ಯದಲ್ಲೇ ಬರೆದು ಶುರು ಮಾಡಿ.

ಇತಿ,
ಸಂಪಾದಕ, ಹಾಸನ