ನಿನ್ನೆ ರಾತ್ರಿ ಏನು ಊಟ ಮಾಡಿದೆ?

ಹುಡುಗಿಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಗುರುತು ಬದಲಾಯಿಸಿದ್ದೇನೆ. ಇಲ್ಲಿ ಅವಳು ಶಾಂತಾ.

ಕೊಪ್ಪಳ ಜಿಲ್ಲೆಯ ಹಳ್ಳಿಯವಳು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಸಿಇಟಿ ಬರೆದು, ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಕೋಟಾದಲ್ಲಿ ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಬಂದಿದ್ದಳು. ದಸರಾ ರಜೆಗೆ ಊರಿಗೆ ಹೋದವಳು ಒಂಬತ್ತು ದಿನ ತಡವಾಗಿ ವಾಪಸ್ ಬಂದಳು. ವಿಟಿಯು ಪರೀಕ್ಷೆಗೆ ಕೂರಬೇಕಾದರೆ 85 ಪರ್ಸೆಂಟ್ ಹಾಜರಿ ಬೇಕು. ಇವಳದು ಅದಕ್ಕಿಂತ ಕೆಳಗೆ ಬಿದ್ದಿತ್ತು. ನಾನು ಕಾಲೇಜಿನ ಕೌನ್ಸೆಲರ್, ಮೆಂಟರ್ ನನ್ನ ಹತ್ತಿರ ಕಳಿಸಿದರು.

"ಟಿಸಿ ತಗೊಂಡು ಹೋಗ್ತೀನ್ರಿ ಮೇಡಂ. ಊರ ಹತ್ರಾನ ಬಿಎಸ್ಸಿ ಮಾಡ್ತೀನಿ" ಅಂದಳು. ಕುರ್ಚಿಯ ತುದಿಯಲ್ಲಿ ಕೂತಿದ್ದಳು.

ಕನ್ನಡ ಮಾಧ್ಯಮ, ಮೊದಲ ಇಂಟರ್ನಲ್ಸ್‌ನಲ್ಲಿ ಗಣಿತಕ್ಕೆ 25ಕ್ಕೆ 6. ನಾನು ಅಷ್ಟಕ್ಕೇ ತೀರ್ಮಾನ ಮಾಡಿಬಿಟ್ಟೆ: ಇಂಗ್ಲಿಷ್ ಸಮಸ್ಯೆ. ಸಂಜೆ ನಡೆಯುವ ಇಂಗ್ಲಿಷ್ ಕ್ಲಾಸಿನ ವಿಷಯ ಹೇಳಿದೆ. ಅವಳು ಎಲ್ಲದಕ್ಕೂ "ಹೂಂ ರಿ" ಅಂದು ಎದ್ದು ಹೋದಳು. ಹದಿನಾಲ್ಕು ವರ್ಷದ ಅನುಭವ ಅಂತ ಬೋರ್ಡು ಹಾಕಿಕೊಂಡವಳು ಮಾಡಿದ ಕೆಲಸ ಇದು!

ಮುಂದಿನ ವಾರ ಬಂದಾಗ ಅವಳ ಕೈಗಡಿಯಾರ ಕಣ್ಣಿಗೆ ಬಿತ್ತು. ಪಟ್ಟಿಗೆ ಯಾವುದೋ ಮೊಳೆಯಿಂದ ಹೊಸದಾಗಿ ತೂತು ಹೊಡೆದಿದ್ದಳು. ಅಷ್ಟಾದರೂ ಅದು ಮಣಿಕಟ್ಟಿನಲ್ಲಿ ತಿರುಗುತ್ತಿತ್ತು. ಸುಮ್ನೆ ಕೇಳಿದೆ, "ನಿನ್ನೆ ರಾತ್ರಿ ಏನು ಊಟ ಮಾಡಿದೆ?"

"ಚಪಾತಿ, ಆಲೂಗಡ್ಡೆ ಪಲ್ಯ, ಅನ್ನ, ಸಾರು" ಅಂದಳು. ಒಂದೇ ಉಸಿರಿಗೆ.

ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ಗ್ಯಾಸ್ ಖಾಲಿಯಾಗಿ ಎಲ್ಲರಿಗೂ ಬರೀ ಚಿತ್ರಾನ್ನ ಬಡಿಸಿದ್ದರು. ಬೆಳಿಗ್ಗೆ ವಾರ್ಡನ್ ಅದನ್ನೇ ನನ್ನ ಮುಂದೆ ಗೊಣಗಿದ್ದರು. ನಾನು ಹಾಗಂತ ಹೇಳಿದೆ, ಬೈಯಲಿಲ್ಲ. ಅವಳು ಸುಮಾರು ಹೊತ್ತು ಸುಮ್ಮನಿದ್ದು ಫೋನ್ ತೆಗೆದು ತೋರಿಸಿದಳು. ಮೆಸ್ ಗೋಡೆಯ ಮೇಲಿನ ವಾರದ ಮೆನು ಬೋರ್ಡಿನ ಫೋಟೋ. ರಾತ್ರಿ ಎಂಟಕ್ಕೆ ಅವ್ವ ಫೋನ್ ಮಾಡಿ "ಏನ್ ಉಂಡಿ?" ಅಂತ ಕೇಳಿದರೆ ಇದನ್ನು ನೋಡಿ ಓದುತ್ತಿದ್ದಳು. ತಿನ್ನುತ್ತಿದ್ದದ್ದು ರೂಮಿನಲ್ಲಿ ಬಿಸ್ಕೆಟ್ಟು, ಬಾಳೆಹಣ್ಣು. ಮೆಸ್‌ಗೆ ಹೋಗಿ ತಿಂಗಳ ಮೇಲಾಗಿತ್ತು.

ಯಾಕೆ? ಬಂದ ಮೊದಲ ವಾರ ಮೆಸ್‌ನಲ್ಲಿ "ನೀರು ಎಲ್ಲಿ ಅದಾವ್ರಿ?" ಅಂತ ಕೇಳಿದ್ದಳಂತೆ. ಅವಳ ಕಡೆ ನೀರು ಬಹುವಚನ. ಟೇಬಲ್ಲಿನಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಒಬ್ಬಳು, "ಎಷ್ಟು ನೀರು ಅದಾವೆ, ಎಣಿಸಿ ಹೇಳು" ಅಂದಳು. ಮಾರನೇ ದಿನದಿಂದ ಇವಳ ಹೆಸರೇ 'ಅದಾವ್ರಿ' ಆಯಿತು. ನಕ್ಕವರೆಲ್ಲ ಕನ್ನಡದವರೇ.

"ಇಂಗ್ಲಿಷ್ ಬರಂಗಿಲ್ಲ ಅನ್ನೋದು ಗೊತ್ತಿದ್ದೇ ಬಂದೀನ್ರಿ ಮೇಡಂ. ಅದನ್ನ ಕಲೀಬಹುದು. ನನ್ನ ಕನ್ನಡಾನೂ ಕನ್ನಡ ಅಲ್ಲ ಅಂದ್ರ ನಾ ಏನ್ ಮಾತಾಡ್ಲಿ?"

ನಾನು ಮಂಡ್ಯದವಳು. ಮೈಸೂರಿನಲ್ಲಿ ಓದುವಾಗ ನನ್ನ 'ಬತ್ತೀನಿ, ಓಯ್ತೀನಿ' ಕೇಳಿ ನಕ್ಕವರಿದ್ದರು. ಸಲಹೆ ಕೊಡುವವರು ತಮ್ಮ ಕಥೆ ಹೇಳಿಕೊಂಡು ಕೂರಬಾರದು. ಆದರೂ ಇದೊಂದು ಮಾತು ಹೇಳಿದೆ. ಮೊದಲ ಸಲ ನಕ್ಕಳು.

ಆಮೇಲೆ ಕೇಳಬೇಕಾದದ್ದನ್ನು ನೇರವಾಗಿ ಕೇಳಿದೆ: ಬದುಕೇ ಬೇಡ ಅಂತ ಅನ್ನಿಸಿದೆಯಾ? ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತೆ ಅಂತ ತುಂಬಾ ಜನ ಹೆದರುತ್ತಾರೆ, ಹಾಗೇನಿಲ್ಲ. ಶಾಂತಾ ಇಲ್ಲ ಅಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರ್ ಸೇವ್ ಮಾಡಿಸಿದೆ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಡಾಕ್ಟರ ಹತ್ತಿರವೂ ಕಳಿಸಿದೆ. ರಕ್ತ ಕಡಿಮೆಯಿತ್ತು, ಕಬ್ಬಿಣಾಂಶದ ಮಾತ್ರೆ ಕೊಟ್ಟರು.

ಸ್ನೇಹಿತರನ್ನು ಮಾಡಿಕೋ ಅಂತ ನಾನು ಹೇಳಲಿಲ್ಲ. ಒಬ್ಬಳೇ ಕೂತು ಬಿಸ್ಕೆಟ್ ತಿನ್ನುವ ಹುಡುಗಿಗೆ ಅದು ಸಲಹೆಯಲ್ಲ, ಇನ್ನೊಂದು ಪರೀಕ್ಷೆ. ಬೆಳಗಿನ ತಿಂಡಿಗೆ ಮಾತ್ರ ಹೋಗು ಅಂದೆ. ಏಳೂವರೆಗೆ, ಗದ್ದಲ ಶುರುವಾಗುವ ಮೊದಲು. ತಿಂದು ಎದ್ದು ಬಾ, ಯಾರ ಜೊತೆಗೂ ಮಾತಾಡಬೇಕಿಲ್ಲ. ಎರಡು ವಾರ ಇಷ್ಟೇ.

ಅಡ್ಡಹೆಸರಿನ ವಿಷಯ ವಾರ್ಡನ್‌ಗೆ ಹೇಳಲೇ ಅಂತ ಕೇಳಿದೆ. ಬೇಡ ಅಂದಳು. ಹೆಸರೆತ್ತದೆ, ಒಟ್ಟಾರೆಯಾಗಿ ಎಲ್ಲರಿಗೂ ಹೇಳುವುದಕ್ಕೆ ಒಪ್ಪಿದಳು. ರ‍್ಯಾಗಿಂಗ್ ಅಂದರೆ ಹೊಡೆಯುವುದು ಮಾತ್ರ ಅಂತ ನಮ್ಮ ಹಾಸ್ಟೆಲ್‌ಗಳಲ್ಲಿ ಈಗಲೂ ಅಂದುಕೊಂಡಿದ್ದಾರೆ.

ಓದಿಗೆ ಹೇಳಿದ್ದು ಇಷ್ಟು: ಘರ್ಷಣೆ, ವೇಗೋತ್ಕರ್ಷ ಅಂತ ನಿನಗೆ ಚೆನ್ನಾಗಿ ಗೊತ್ತಿರುವ ಪದಗಳನ್ನು ನೋಟ್ಸಿನ ಅಂಚಿನಲ್ಲಿ ಬರೆದುಕೋ. ಯೋಚನೆ ಕನ್ನಡದಲ್ಲೇ ಇರಲಿ, ಉತ್ತರ ಇಂಗ್ಲಿಷಿನಲ್ಲಿ ಬರೆ. ಟಿಸಿ ಬೇಡ ಅಂತಲೂ ಅನ್ನಲಿಲ್ಲ. ಬಿಎಸ್ಸಿ ಏನು ಕೀಳಲ್ಲವಲ್ಲ. ಆದರೆ ಹಸಿದ ಹೊಟ್ಟೆಯಲ್ಲಿ ನಿರ್ಧಾರ ಬೇಡ, ಮೊದಲ ಸೆಮ್ ಮುಗಿದ ಮೇಲೆ ಮತ್ತೆ ಕೂತು ಮಾತಾಡೋಣ ಅಂತ ಡೈರಿಯಲ್ಲಿ ತಾರೀಕು ಬರೆಸಿದೆ.

ಕಷ್ಟವಾಗಿದ್ದು ಅವ್ವನಿಗೆ ನಿಜ ಹೇಳುವುದು. ಮೂರು ವಾರ ಮುಂದೂಡಿದಳು. ಕೊನೆಗೆ ನನ್ನ ರೂಮಿನಲ್ಲೇ ಕೂತು ಫೋನ್ ಮಾಡಿದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ದಸರಾಕ್ಕ ಬಂದಾಗ ನಿನ್ನ ಮಾರಿ ನೋಡಿದ್ನೆಲ್ಲವಾ. ನಂಗ ತಿಳಿಯಂಗಿಲ್ಲೇನು?" ನಾಲ್ಕು ದಿನಕ್ಕೆ ಬಸ್ಸಿನಲ್ಲಿ ಒಂದು ಡಬ್ಬಿ ಬಂತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಶಾಂತಾ ಅದನ್ನು ಯಾರಿಗೂ ಕೊಡದೆ ಒಬ್ಬಳೇ ತಿಂದಳು. ಹಂಚಿಕೋ ಅಂತ ನಾನೂ ಹೇಳಲಿಲ್ಲ. ಅವಳಿಗೆ ಬೇಕಿತ್ತು, ತಿಂದಳು.

ಗಣಿತ ಆ ಸೆಮ್‌ನಲ್ಲಿ ಪಾಸಾಗಲಿಲ್ಲ, ಉಳಿದವು ಆದವು. ಬರೆಸಿದ ತಾರೀಕಿಗೆ ಬಂದಳು. ಟಿಸಿ ಮಾತು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹೊರಡುವಾಗ ಅದೇ ಪ್ರಶ್ನೆ ಕೇಳಿದೆ, ನಿನ್ನೆ ರಾತ್ರಿ ಏನು ಊಟ?

"ಮುದ್ದಿ ಮಾಡಿದ್ರು ಮೇಡಂ. ಅದು ನನಗ ಗಂಟಲದಾಗ ಇಳಿಯಂಗಿಲ್ಲ ನೋಡ್ರಿ. ಅನ್ನ ಸಾರು ಉಂಡು ಬಂದೆ. ನಿಮ್ ಕಡೆಯವ್ರು ಅದನ್ನ ಹೆಂಗ್ ನುಂಗ್ತೀರಿ?"