ತುಳಸಿಮಣಿಯ ಸರ ಮತ್ತು 27 ಪ್ರಶ್ನೆಗಳು

ಹಾವೇರಿ ಜಿಲ್ಲೆಯಿಂದ ಬೆಂಗಳೂರಿಗೆ ಬಂದು ಕೆಲಸದಲ್ಲಿರುವ, 24 ವರ್ಷದ ಓದುಗರೊಬ್ಬರು ನಮಗೆ ಬರೆದಿದ್ದಾರೆ. ಚಿಕ್ಕಂದಿನಲ್ಲಿ ಅವ್ವನ ಪಕ್ಕದಲ್ಲಿ ಕುಳಿತು ಹೇಳುತ್ತಿದ್ದ ಪ್ರಾರ್ಥನೆ ಈಗ ಬಾಯಿಗೆ ಬಂದರೂ ಮನಸ್ಸಿಗೆ ಬರುವುದಿಲ್ಲ. ಗೆಳೆಯರು ಕರೆದೊಯ್ದ ಪ್ರವಚನ, ಶಿಬಿರಗಳ ಹುರುಪು ವಾರದೊಳಗೆ ಇಳಿದುಹೋಗುತ್ತದೆ. ಹಬ್ಬಕ್ಕೆ ಊರಿಗೆ ಹೋದಾಗ ನಂಬಿಕೆಯಿಲ್ಲದೆ ದೀಪ ಹಚ್ಚುವುದು ಅವ್ವನಿಗೆ ಮಾಡುವ ಮೋಸವೆನಿಸುತ್ತದೆ. ‘ಏನನ್ನು ನಂಬುತ್ತೇನೆಂದು ಇನ್ನೂ ತಿಳಿಯದಿರುವುದು ನನ್ನ ದೋಷವೇ? ಯಾರನ್ನು ಕೇಳಲಿ?’ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ದೋಷವಲ್ಲ. ನಿಮ್ಮ ಪತ್ರ ಓದಿದಾಗ ನನಗೆ ನಿಮ್ಮದೇ ವಯಸ್ಸಿನ ಇನ್ನೊಬ್ಬರು ಬರೆದ ಪತ್ರ ನೆನಪಾಯಿತು. 1894ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದ ಮೋಹನದಾಸ ಗಾಂಧಿಯವರಿಗೂ 24 ವರ್ಷವೇ. ಕ್ರೈಸ್ತ ಮಿತ್ರರು ತಮ್ಮ ಮತವನ್ನು ಒಪ್ಪಿಕೊಳ್ಳುವಂತೆ ಪ್ರೀತಿಯಿಂದಲೇ ಒತ್ತಾಯಿಸುತ್ತಿದ್ದರು, ಮುಸ್ಲಿಂ ಮಿತ್ರರು ಇಸ್ಲಾಮನ್ನು ಅಭ್ಯಾಸ ಮಾಡೆನ್ನುತ್ತಿದ್ದರು, ಹುಟ್ಟಿದ ಧರ್ಮದಲ್ಲಿದ್ದ ಅಸ್ಪೃಶ್ಯತೆಯಂತಹ ದೋಷಗಳು ಅವರನ್ನು ಚುಚ್ಚುತ್ತಿದ್ದವು. ಆಗ ಅವರು 27 ಪ್ರಶ್ನೆಗಳನ್ನು ಬರೆದು, ಮುಂಬಯಿಯಲ್ಲಿ ಪರಿಚಯವಾಗಿದ್ದ ರಾಯಚಂದಭಾಯಿಯವರಿಗೆ ಕಳುಹಿಸಿದರು. ರಾಯಚಂದಭಾಯಿ ಸಂನ್ಯಾಸಿಯಲ್ಲ, ಮುತ್ತುರತ್ನಗಳ ವ್ಯಾಪಾರ ಮಾಡುತ್ತಿದ್ದ, ಗಾಂಧಿಯವರಿಗಿಂತ ಎರಡೇ ವರ್ಷ ದೊಡ್ಡವರಾಗಿದ್ದ ಜೈನ ಗೃಹಸ್ಥರು. ಆತ್ಮವೆಂದರೇನು, ಈಶ್ವರನೆಂದರೇನು ಎಂದು ತೊಡಗಿದ ಆ ಪಟ್ಟಿಯ ಕೊನೆಯ ಪ್ರಶ್ನೆ ಹಾವಿನದು: ಅದು ಕಚ್ಚಲು ಬಂದಾಗ ಕೊಲ್ಲದೆ ಬೇರೆ ದಾರಿಯಿಲ್ಲದಿದ್ದರೆ ಕಚ್ಚಿಸಿಕೊಳ್ಳಬೇಕೇ, ಕೊಲ್ಲಬೇಕೇ? ನನಗೆ ಆ ಪಟ್ಟಿಯಲ್ಲಿ ಬಹಳ ಹಿಡಿಸುವುದು ಇದೇ, ಏಕೆಂದರೆ ಗ್ರಂಥದಲ್ಲಿ ಓದಿದ್ದನ್ನು ಅಂಗಳದಲ್ಲಿ ಹಾವು ಕಂಡ ಗಳಿಗೆಯಲ್ಲಿ ಹೇಗೆ ಬಾಳುವುದೆಂದು ತಿಳಿಯುವ ಹಂಬಲವಿದ್ದವರು ಮಾತ್ರ ಹಾಗೆ ಕೇಳಬಲ್ಲರು. ಅದೇ ವರ್ಷ ಅಕ್ಟೋಬರ್‌ನಲ್ಲಿ ರಾಯಚಂದಭಾಯಿ ಬರೆದ ಉತ್ತರ ಗಾಂಧಿಯವರ ಮನಸ್ಸನ್ನು ತಕ್ಕಮಟ್ಟಿಗೆ ಶಾಂತಗೊಳಿಸಿತು. ತಾಳ್ಮೆಯಿಂದಿದ್ದು ಹಿಂದೂ ಧರ್ಮವನ್ನು ಇನ್ನಷ್ಟು ಆಳವಾಗಿ ಅಭ್ಯಾಸ ಮಾಡುವಂತೆ ರಾಯಚಂದಭಾಯಿ ಸೂಚಿಸಿದ್ದರು. ಅಂತಹವರನ್ನೂ ಗುರುವೆಂದು ಹೃದಯದಲ್ಲಿ ಕೂರಿಸಿಕೊಳ್ಳಲು ತಮಗಾಗಲಿಲ್ಲ, ಆ ಸ್ಥಾನ ಬರಿದಾಗಿಯೇ ಉಳಿದಿದೆ ಎಂದು ಗಾಂಧಿಯವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆದ್ದರಿಂದ ಯಾರೊಬ್ಬರಿಗಾದರೂ ಪೂರ್ತಿ ಶರಣಾಗದೆ ದಾರಿ ಕಾಣದೆಂದು ನೀವು ಅಂಜಬೇಕಾಗಿಲ್ಲ.

ಇನ್ನು ದೀಪದ ಮಾತು. ಪ್ರಿಟೋರಿಯದಲ್ಲಿ ಕೋಟ್ಸ್ ಎಂಬ ಕ್ರೈಸ್ತ ಮಿತ್ರರು ಗಾಂಧಿಯವರ ಕೊರಳಲ್ಲಿದ್ದ ತುಳಸಿಮಣಿಯ ಸರವನ್ನು ನೋಡಿ, ಇದು ಮೂಢನಂಬಿಕೆ, ಹರಿದುಹಾಕಲೇ ಎಂದು ಕೇಳಿದರು. ಅದರ ಮಹಿಮೆ ಏನೆಂದು ಗಾಂಧಿಯವರಿಗೂ ತಿಳಿದಿರಲಿಲ್ಲ, ತೊಡದಿದ್ದರೆ ಕೇಡಾಗುತ್ತದೆಂದೂ ಅವರಿಗೆ ಅನಿಸಿರಲಿಲ್ಲ. ಆದರೂ ತಾಯಿ ಪ್ರೀತಿಯಿಂದ ಹಾಕಿದ್ದನ್ನು ಸಾಕಷ್ಟು ಕಾರಣವಿಲ್ಲದೆ ತೆಗೆಯಲಾರೆ, ಸವೆದು ತಾನಾಗಿ ಹರಿದರೆ ಹೊಸದನ್ನು ಹಾಕಿಕೊಳ್ಳುವುದಿಲ್ಲ ಎಂದರು. ಇದರಲ್ಲಿ ಕಪಟವೆಲ್ಲಿದೆ? ನಂಬದ್ದನ್ನು ನಂಬುತ್ತೇನೆಂದು ಅವರು ಹೇಳಲಿಲ್ಲ, ತಾಯಿಯ ಪ್ರೀತಿಯನ್ನೂ ಅಲ್ಲಗಳೆಯಲಿಲ್ಲ. ಅವ್ವನಿಗಾಗಿ ನೀವು ಹಚ್ಚುವ ದೀಪವನ್ನೂ ನಾನು ಹೀಗೆಯೇ ನೋಡುತ್ತೇನೆ.

ಹುರುಪು ಇಳಿಯುವುದು ಸಹಜ. ಅದನ್ನು ಮತ್ತೆ ಮತ್ತೆ ಏರಿಸಿಕೊಳ್ಳಲು ಇನ್ನೊಂದು ಶಿಬಿರವನ್ನು ಹುಡುಕುವುದಕ್ಕಿಂತ ದಿನಕ್ಕೆ ಸ್ವಲ್ಪ ಹೊತ್ತಿನ ಒಂದು ಅಭ್ಯಾಸವನ್ನು ಹಿಡಿಯುವುದು ಮೇಲು. ಮೂವತ್ತು ದಾಟಿದ ಮೇಲೆ ಜೊಹಾನ್ಸ್‌ಬರ್ಗ್‌ನಲ್ಲಿ ಗಾಂಧಿಯವರು ಗೀತೆಯ ಶ್ಲೋಕಗಳನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ಹಲ್ಲುಜ್ಜುವ 15 ನಿಮಿಷಗಳಲ್ಲಿ ಕಲಿಯುತ್ತ 13 ಅಧ್ಯಾಯಗಳನ್ನು ಬಾಯಿಪಾಠ ಮಾಡಿದರು. ನಿಮ್ಮ ಗೋಡೆಯ ಮೇಲೆ ಇರಬೇಕಾದದ್ದು ವಚನವೋ, ಕೀರ್ತನೆಯೋ, ಇನ್ನೊಂದೋ, ಅದನ್ನು ನೀವೇ ಆರಿಸಿಕೊಳ್ಳಿ.

ಯಾರನ್ನು ಕೇಳಲಿ ಎಂದಿದ್ದೀರಿ. ಮೊದಲು ಪ್ರಶ್ನೆಗಳನ್ನು, ಎಷ್ಟೇ ಸಣ್ಣವೆನಿಸಿದರೂ, ಒಂದು ಹಾಳೆಯ ಮೇಲೆ ಬರೆಯಿರಿ. ನಿಮ್ಮನ್ನು ತಮ್ಮ ಕಡೆಗೆ ಸೆಳೆದುಕೊಳ್ಳುವ ಅವಸರವಿಲ್ಲದವರ ಮುಂದೆ ಅದನ್ನಿಡಿ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಒಂದನ್ನಾದರೂ ಅವ್ವನಿಗೆ ಕೇಳಿ. ದೀಪ ಹಚ್ಚುವಾಗ ಅವರ ಮನಸ್ಸಿನಲ್ಲಿ ಏನಿರುತ್ತದೆಂದು ನೀವು ಇದುವರೆಗೆ ಕೇಳಿದಂತೆ ನಿಮ್ಮ ಪತ್ರದಲ್ಲಿ ಎಲ್ಲಿಯೂ ಕಾಣಲಿಲ್ಲ.