ತಕ್ಕಡಿ ತೋರಿಸಿದ್ದನ್ನೇ ಬರೆಸಿ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳು ಹುಟ್ಟಿದಾಗ ತಕ್ಕಡಿಯಲ್ಲಿ 2.4 ಕೆಜಿ ಬಂತು. ಪಕ್ಕದಲ್ಲೇ ಇದ್ದ ನಮ್ಮತ್ತೆಯೂ ನೋಡಿದ್ದಾರೆ. ತಾಯಿ ಕಾರ್ಡಿನಲ್ಲಿ ಮಾತ್ರ 2.5 ಅಂತಿದೆ. ಕೇಳಿದ್ದಕ್ಕೆ ‘ನೂರು ಗ್ರಾಂ ತಾನೇ, ಬಿಡಿ’ ಅಂದರು. ಅವಳಿಗೀಗ ಹದಿನೆಂಟು ದಿನ. ತಿದ್ದಿಸಲೇಬೇಕಾ? ಈ ಲೆಕ್ಕವನ್ನೆಲ್ಲ ಯಾರು ನೋಡುತ್ತಾರೆ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ತಿದ್ದಿಸಿ ತಾಯಿ. ಹುಟ್ಟಿದಾಗ ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಮಗು. ಪ್ರಪಂಚದಲ್ಲೆಲ್ಲ ಇದೇ ಗೆರೆ. ಇಂಥ ಮಗುವಿನ ಮೇಲೆ ಆಶಾ ಜಾಸ್ತಿ ನಿಗಾ ಇಡಬೇಕು. ಹಾಲು ಚೀಪುತ್ತಿದೆಯಾ, ಮೈ ಬೆಚ್ಚಗಿದೆಯಾ, ತೂಕ ಏರುತ್ತಿದೆಯಾ ಅಂತ ನೋಡುತ್ತಿರಬೇಕು. 2.5 ಅಂತ ಬರೆದ ಕೂಡಲೇ ನಿಮ್ಮ ಮಗಳು ಆ ಪಟ್ಟಿಯಲ್ಲೇ ಇಲ್ಲ!

ಮಕ್ಕಳ ಡಾಕ್ಟರಾದ ನಾನು ಹೊಸ ಕಾರ್ಡು ಕೈಗೆ ಬಂದರೆ ಮೊದಲು ನೋಡುವುದು ಅದೇ ಕಾಲಂ. ಸರಿಯಾಗಿ 2.5 ಅಂತ ಕಂಡರೆ ಮಗುವನ್ನು ಇನ್ನೊಮ್ಮೆ ತೂಗಿಸುತ್ತೇನೆ. ಎಷ್ಟೋ ದೇಶಗಳ ಸಮೀಕ್ಷೆಗಳಲ್ಲೂ 2.5 ಮತ್ತು 3 ಕೆಜಿ ಹತ್ತಿರ ಮಕ್ಕಳು ಗುಂಪು ಗುಂಪಾಗಿ ಸಿಗುತ್ತಾರೆ. ಮಕ್ಕಳು ಹಾಗೆ ಹುಟ್ಟುವುದಿಲ್ಲ ಅಲ್ವಾ? ಬರೆಯುವವರು ರೌಂಡ್ ಮಾಡಿರುತ್ತಾರೆ.

ಸರಿಯಾಗಿ ತೂಗಿದರೆ ತಾನೇ ತೀರಾ ಸಣ್ಣ ಮಕ್ಕಳು ಯಾರೆಂದು ಗೊತ್ತಾಗುವುದು? ಗೊತ್ತಾದರೆ ಏನು ಸಿಗುತ್ತದೆ ನೋಡಿ. ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ, ಭಾರತ – ಈ ಐದು ದೇಶಗಳ ಒಂದೊಂದು ಆಸ್ಪತ್ರೆಯಲ್ಲಿ 1 ಕೆಜಿಯಿಂದ 1.8 ಕೆಜಿ ಒಳಗಿನ ಮಕ್ಕಳ ಅಧ್ಯಯನ ನಡೆಯಿತು. ಅರ್ಧ ಮಕ್ಕಳನ್ನು ಹುಟ್ಟಿದ ಸ್ವಲ್ಪ ಹೊತ್ತಿಗೇ ಅಮ್ಮನ ಬರಿಯೆದೆಗೆ ಒರಗಿಸಿದರು. ಉಳಿದವರನ್ನು, ಆಗಿನ ಪದ್ಧತಿಯಂತೆ, ಚೇತರಿಸಿಕೊಂಡ ಮೇಲೆ. ಮೊದಲ 28 ದಿನಗಳಲ್ಲಿ ತೀರಿಕೊಂಡ ಮಕ್ಕಳು ಎದೆಗೊರಗಿದವರಲ್ಲಿ ನೂರಕ್ಕೆ 12, ಇನ್ನೊಂದು ಗುಂಪಿನಲ್ಲಿ ಸುಮಾರು 16. ವ್ಯತ್ಯಾಸ ಇಷ್ಟು ಸ್ಪಷ್ಟವಾದ ಮೇಲೆ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. 2021ರಲ್ಲಿ ಇದು ಪ್ರಕಟವಾಯಿತು. ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆ ಬದಲಿಸಿತು. ಈಗ ಕಾಯುವ ಮಾತಿಲ್ಲ, ಹುಟ್ಟಿದ ಕೂಡಲೇ ಎದೆಗೆ.

ಬಾಣಂತಿಯರ ವಿಷಯದಲ್ಲೂ ಕಣ್ಣಂದಾಜು ಸಾಲದು. ಹೆರಿಗೆಯಾದ ಮೇಲೆ ಎಷ್ಟು ರಕ್ತ ಹೋಯಿತು ಅಂತ ಬಟ್ಟೆ ನೋಡಿ ಹೇಳುವುದು ರೂಢಿ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ ಅಳತೆ ಗೆರೆಯಿರುವ ಪ್ಲಾಸ್ಟಿಕ್ ಚೀಲ ಇಟ್ಟು ಅಳೆದರು, ಗೆರೆ ದಾಟಿದ ಕೂಡಲೇ ಎಲ್ಲ ಚಿಕಿತ್ಸೆ ಒಟ್ಟಿಗೇ ಶುರು ಮಾಡಿದರು. ವಿಪರೀತ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತ ಶೇ. 60ರಷ್ಟು ಕಡಿಮೆಯಾಯಿತು ಅಂತ 2023ರಲ್ಲಿ ತಿಳಿಯಿತು.

ಈಗ ನಿಮ್ಮ ಕೆಲಸ. ಡಿಸ್ಚಾರ್ಜ್ ಚೀಟಿಯಲ್ಲಿ ತೂಕ ಎಷ್ಟಿದೆ ನೋಡಿ. ಹೆರಿಗೆ ರಿಜಿಸ್ಟರನ್ನೂ ನೋಡಲು ಸಿಸ್ಟರ್‌ಗೆ ಹೇಳಿ. ಕಾರ್ಡಿನ ಜೊತೆಗೆ ಕಂಪ್ಯೂಟರಿನಲ್ಲೂ ತಿದ್ದಲಿ, ಏಕೆಂದರೆ ಮೇಲಿನವರು ನೋಡುವುದು ಅದನ್ನೇ. ಆಶಾ ಬಂದಾಗ ಮಗಳನ್ನು ತೂಗಿಸಿ. ಹಾಲು ಕುಡಿಯುವುದು ಬಿಟ್ಟರೆ, ಮೈ ತಣ್ಣಗಾದರೆ, ಅವರು ಬರಲಿ ಅಂತ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ರಾತ್ರಿಯಾದರೂ ಸರಿ.